ಪಟ್ಟಿಯಡಿಯ ಬೆಸುಗೆ

ಠಾಣೆಯ ರಸ್ತೆಗಳಲ್ಲಿ ಎಟಿಎಂಗೆ ಹಣ ತುಂಬುವ ವ್ಯಾನು ನಿಂತಾಗ ಅದರ ಹಿಂಬಾಗಿಲ ಪಕ್ಕ ಬಂದೂಕು ಹಿಡಿದು ನಿಲ್ಲುವವನನ್ನು ನೀವು ನೋಡಿರುತ್ತೀರಿ. ಆ ಬಂದೂಕು ಬ್ಯಾಂಕಿನದಲ್ಲ. ಹೆಚ್ಚಿನ ಸಲ ಏಜೆನ್ಸಿಯದೂ ಅಲ್ಲ. ಅದು ಅವನದೇ. ಉತ್ತರ ಪ್ರದೇಶದಲ್ಲೋ ಬಿಹಾರದಲ್ಲೋ ಲೈಸೆನ್ಸ್ ಮಾಡಿಸಿಕೊಂಡು, ಹೊಲ ಅಡವಿಟ್ಟು ಕೊಂಡ ಬಂದೂಕನ್ನೋ ಅಪ್ಪನ ಕಾಲದ ಬಂದೂಕನ್ನೋ ತನ್ನ ಹೆಸರಿಗೆ ಬರೆಸಿಕೊಂಡು ಇಲ್ಲಿಗೆ ಬಂದಿರುತ್ತಾನೆ. ಕೈಯಲ್ಲಿ ಬಂದೂಕಿದ್ದರೆ ಅವನು ಗನ್‌ಮ್ಯಾನ್. ಇಲ್ಲದಿದ್ದರೆ ಯಾವುದೋ ಸೊಸೈಟಿಯ ಗೇಟಿನಲ್ಲಿ ಕೂರುವ ವಾಚ್‌ಮನ್. ಊರಿಗೆ ಕಳಿಸುವ ಹಣದಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇಂಥ ಬಂದೂಕುಗಳ ರಿಪೇರಿ ನನ್ನ ಕೆಲಸ. ನಾನು ಸುಳ್ಯದ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಐಟಿಐ ಮುಗಿಸಿ ವಾಗ್ಳೆ ಎಸ್ಟೇಟಿನ ಒಂದು ಟೂಲ್‌ರೂಮಿಗೆ ಫಿಟ್ಟರ್ ಆಗಿ ಸೇರಿದೆ. ವರ್ತಕ ನಗರದ ಮ್ಹಾಡಾ ಕಟ್ಟಡದಲ್ಲಿ ಸಂಸಾರ ಹೂಡಿದ್ದು ಆಗಲೇ. ಎಸ್ಟೇಟಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮ ಟೂಲ್‌ರೂಮೂ ಮುಚ್ಚಿತು. ಬಂದೂಕು ವ್ಯಾಪಾರ ಮತ್ತು ರಿಪೇರಿಯ ಲೈಸೆನ್ಸ್ ಇದ್ದ ಒಬ್ಬ ಸೇಠ್ ನನ್ನ ಕೈಕೆಲಸ ನೋಡಿ ಕರೆದರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸಲಿಕ್ಕೆ, ಮಾರಲಿಕ್ಕೆ ಮಾತ್ರವಲ್ಲ, ರಿಪೇರಿ ಮಾಡಲಿಕ್ಕೂ ಲೈಸೆನ್ಸ್ ಬೇಕು. ಸೇಠ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಂದ ಪ್ರತಿ ಬಂದೂಕಿನ ನಂಬರು, ಮಾಲೀಕನ ಲೈಸೆನ್ಸು, ಏನು ದೋಷ, ಏನು ಮಾಡಿದೆವು, ಎಲ್ಲ ರಿಜಿಸ್ಟರಿಗೆ ಹೋಗಬೇಕು. ಈ ರಿಜಿಸ್ಟರ್ ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂಬುದನ್ನು ಹೇಳುತ್ತೇನೆ.

ಒಂದು ದುನಾಲಿ, ಅಂದರೆ ಜೋಡಿನಳಿಗೆಯ ಬಂದೂಕು, ನಮ್ಮಲ್ಲಿಗೆ ಬಂದದ್ದು ಮಳೆಗಾಲ ಕಳೆದು ಖಂಡೇನವಮಿಯ ಪೂಜೆ ಮುಗಿದ ಮೇಲೆ. ತಂದವನು ಬಲಿಯಾ ಜಿಲ್ಲೆಯ ಗಾರ್ಡ್, ನಲವತ್ತರ ಆಸುಪಾಸಿನವನು. ನಳಿಗೆಗಳ ಮೇಲಿನ ಪಟ್ಟಿ ಒಂದು ಕಡೆ ಎದ್ದಿದೆ, ಭುಜಕ್ಕೆ ಹಾಕಿಕೊಂಡರೆ ಅಂಗಿ ಸಿಕ್ಕಿಕೊಳ್ಳುತ್ತದೆ ಎಂಬುದಷ್ಟೇ ಅವನ ದೂರು. ಬಂದೂಕು ನೋಡಲಿಕ್ಕೆ ಚೆಂದ ಇತ್ತು. ಹಿಡಿಯ ಮರಕ್ಕೆ ಎಣ್ಣೆ ತಿಕ್ಕಿದ್ದ, ಕಪ್ಪು ಬಣ್ಣ ಎಲ್ಲೂ ಮಾಸಿರಲಿಲ್ಲ. ನಳಿಗೆಗಳ ಬುಡದಲ್ಲಿ ತಯಾರಕರ ಹೆಸರು, ನಂಬರು, ಪರೀಕ್ಷೆಯ ಮುದ್ರೆ ಎಲ್ಲವೂ ಸ್ಪಷ್ಟ. ಅಪ್ಪನ ಬಂದೂಕು ಎಂದ. ಅಪ್ಪ ತೀರಿಕೊಂಡ ಮೇಲೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗೆ ಅಲೆದದ್ದನ್ನು ಹೇಳಿದ.

ದುನಾಲಿಯ ರಚನೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಎರಡು ನಳಿಗೆಗಳನ್ನು ಪಕ್ಕಪಕ್ಕ ಇಟ್ಟು, ನಡುವಿನ ಸಂದಿಗೆ ಮೇಲೊಂದು ಕೆಳಗೊಂದು ಉಕ್ಕಿನ ಪಟ್ಟಿ ಕೂರಿಸಿ ತವರದ ಬೆಸುಗೆ ಹಾಕಿರುತ್ತಾರೆ. ಪಟ್ಟಿಗಳ ನಡುವೆ ಉದ್ದಕ್ಕೂ ಒಂದು ಪೊಳ್ಳು ಉಳಿಯುತ್ತದೆ. ಅಲ್ಲಿ ನೀರು ನಿಂತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅದಕ್ಕೇ ಒಳ್ಳೆಯ ಬಂದೂಕುಗಳ ಕೆಳಪಟ್ಟಿಯಲ್ಲಿ ಗುಂಡುಸೂಜಿ ಹೋಗುವಷ್ಟು ಸಣ್ಣ ತೂತು ಇಟ್ಟಿರುತ್ತಾರೆ, ಒಳಗಿನ ನೀರು ಬಸಿದು ಹೋಗಲಿ ಎಂದು. ಪಟ್ಟಿ ಎದ್ದರೆ ಅದನ್ನು ಮತ್ತೆ ಕೂರಿಸಲು ನಳಿಗೆಗಳನ್ನು ತವರ ಕರಗುವಷ್ಟು ಬಿಸಿ ಮಾಡಲೇಬೇಕು. ತವರ-ಸೀಸದ ಬೆಸುಗೆ 183 ಡಿಗ್ರಿಯ ಸುಮಾರಿಗೆ ಕರಗುತ್ತದೆ. ನಳಿಗೆಯ ಉಕ್ಕಿಗೆ ಆ ಶಾಖದಿಂದ ಏನೂ ಆಗುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ನಾನು ನಳಿಗೆಗಳನ್ನು ಬಿಚ್ಚಿ, ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಬೆಸುಗೆ ಗಟ್ಟಿಯಿದ್ದರೆ ನಾದ ಎಳೆದುಕೊಂಡು ಹೋಗುತ್ತದೆ. ಎಲ್ಲಿಯಾದರೂ ಬಿಟ್ಟಿದ್ದರೆ ಗರಗರ ಎಂದು ಅಲ್ಲೇ ಸಾಯುತ್ತದೆ. ಇದು ತುದಿಯ ಕಡೆ ಗರಗರ ಎಂದಿತು; ಪಟ್ಟಿ ಎದ್ದದ್ದೇ ಅಲ್ಲಿ, ಹಾಗಾಗಿ ಅದರಲ್ಲಿ ಹೊಸದೇನೂ ಇರಲಿಲ್ಲ. ಬುಡದ ಕಡೆ ಮಾತ್ರ ನಾದವೂ ಇಲ್ಲ, ಗರಗರವೂ ಇಲ್ಲ. ಮಂದವಾದ ಒಂದು ಶಬ್ದ. ಬುಡದಲ್ಲಿ ಲೋಹ ದಪ್ಪ ಇರುವುದರಿಂದ ಹೀಗೂ ಕೇಳುವುದುಂಟು. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಹೊಳೆಯುತ್ತಿತ್ತು. ಕೆಳಪಟ್ಟಿಯ ತೂತಿಗೆ ಸೂಜಿ ಹಾಕಿದೆ, ಸರಾಗವಾಗಿ ಇಳಿಯಿತು. ತೂತನ್ನು ಕೆಳಮುಖ ಮಾಡಿ ಒಂದು ರಾತ್ರಿಯಿಡೀ ಬಿಸಿಪೆಟ್ಟಿಗೆಯಲ್ಲಿ ಇಟ್ಟು ಒಣಗಿಸಿದೆ.

ಮರುದಿನ ಕನ್ನಡಕ, ಚರ್ಮದ ಕೈಗವಸು, ದಪ್ಪ ಏಪ್ರನ್ ಹಾಕಿಕೊಂಡು ಗ್ಯಾಸಿನ ಉರಿ ಸಣ್ಣಗೆ ಮಾಡಿ ತುದಿಯಿಂದ ಬುಡದತ್ತ ನಿಧಾನವಾಗಿ ಬಿಸಿ ಕೊಡುತ್ತಾ ಬಂದೆ. ತುದಿಯ ತವರ ಹೊಳಪು ಬಂದು ಮಿಸುಕಾಡಿತು. ಪಟ್ಟಿಗೆ ಕ್ಲಾಂಪು ಬಿಗಿದು, ಉಳಿದ ಭಾಗದ ಬೆಸುಗೆಯೂ ಒಂದೇ ಹದಕ್ಕೆ ಬರಲೆಂದು ಉರಿಯನ್ನು ಬುಡದ ಕಡೆಗೆ ಸರಿಸಿದೆ. ಬಂದೂಕಿನ ಮುಂಗೈ ಮರ ಮುಚ್ಚುವ ಜಾಗಕ್ಕೆ ಉರಿ ತಲುಪಿ ಸ್ವಲ್ಪ ಹೊತ್ತಾಗಿರಬಹುದು. ಒಂದು ಸಣ್ಣ ಸಿಳ್ಳು ಕೇಳಿಸಿತು. ಏನೆಂದು ತಲೆ ಎತ್ತುವುದರೊಳಗೆ ಢಂ ಎಂದಿತು.

ಮುಖದ ಎಡಭಾಗಕ್ಕೆ ಯಾರೋ ಬಲವಾಗಿ ಹೊಡೆದ ಹಾಗಾಯಿತು. ಉರಿ ಆಮೇಲೆ ಬಂತು. ಕರಗಿದ ತವರ ಕನ್ನಡಕದ ಗಾಜಿಗೆ ಬಡಿದು ಅಲ್ಲೇ ಗಟ್ಟಿಯಾಯಿತು, ಆ ಕಣ್ಣಿಗೆ ಕತ್ತಲೆ. ಕೆನ್ನೆ, ಕಿವಿಯ ಹಾಲೆ, ಕುತ್ತಿಗೆ, ಏಪ್ರನ್ನಿಗೂ ಅಂಗಿಯ ಕಾಲರಿಗೂ ನಡುವಿನ ಜಾಗ. ಅಲ್ಲಿ ಒಳಗೆ ಇಳಿದದ್ದು ಇಳಿದಲ್ಲೇ ಚರ್ಮಕ್ಕೆ ಅಂಟಿ ಕೂತಿತು. ಕರಗಿದ ಲೋಹ ನೀರಿನ ಹಾಗೆ ಹರಿದು ಹೋಗುವುದಿಲ್ಲ. ಬಿದ್ದಲ್ಲಿ ಹೆಪ್ಪುಗಟ್ಟಿ ತನ್ನ ಶಾಖವನ್ನೆಲ್ಲ ಅಲ್ಲಿಗೇ ಬಿಡುತ್ತದೆ. ಕೈಯಲ್ಲಿದ್ದ ಉರಿಯನ್ನು ಆರಿಸಿದ್ದು ನೆನಪಿದೆ. ಪಕ್ಕದ ಬೆಂಚಿನ ಹುಡುಗ ನನ್ನನ್ನು ನಲ್ಲಿಯ ಕೆಳಗೆ ಎಳೆದುಕೊಂಡು ಹೋಗಿ ಕೂರಿಸಿದ. ಕುತ್ತಿಗೆಗೆ ಅಂಟಿದ್ದನ್ನು ಕೀಳಲು ಹೋದ. ಬೇಡ, ನೀರು ಬಿಡು, ನೀರು ಮಾತ್ರ ಬಿಡು ಎಂದು ನಾನು ಕೂಗಿದೆನಂತೆ. ಆಸ್ಪತ್ರೆಯಲ್ಲಿ ಡಾಕ್ಟರು, ಹಾಗೆ ಕಿತ್ತಿದ್ದರೆ ಚರ್ಮವೂ ಜೊತೆಗೇ ಬರುತ್ತಿತ್ತು ಎಂದರು.

ಆಸ್ಪತ್ರೆಯ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಸುಟ್ಟ ಗಾಯದ ನೋವು ಬಟ್ಟೆ ಬದಲಿಸುವ ಹೊತ್ತಿನಲ್ಲಿ ಇರುತ್ತದೆ. ಬೆಳಗ್ಗೆ ನರ್ಸಮ್ಮನ ಟ್ರಾಲಿಯ ಗಾಲಿ ಸದ್ದು ಮಾಡಿದರೆ ಇಡೀ ವಾರ್ಡು ಮಾತು ನಿಲ್ಲಿಸುತ್ತಿತ್ತು. ತೊಡೆಯಿಂದ ಚರ್ಮ ತೆಗೆದು ಕುತ್ತಿಗೆಗೆ ಹಾಕಿದರು. ತೆಗೆದ ಜಾಗವೇ ಹಾಕಿದ ಜಾಗಕ್ಕಿಂತ ಜಾಸ್ತಿ ಉರಿಯಿತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಹೆಂಡತಿ ವರ್ತಕ ನಗರದಿಂದ ಎರಡು ಬಸ್ಸು ಬದಲಿಸಿ ಗಂಜಿ ತರುತ್ತಿದ್ದಳು. ಬಾಯಿ ಅಗಲಿಸಲಾಗದೆ ಚಮಚದ ತುದಿಯಲ್ಲಿ ಕುಡಿಯುತ್ತಿದ್ದೆ. ಅವಳು ನನ್ನೆದುರು ಅಳಲಿಲ್ಲ. "ಆ ಕೆಲಸಕ್ಕೆ ಇನ್ನು ಹೋಗುವುದು ಬೇಡ" ಎಂದು ಒಂದೇ ಒಂದು ಸಲ ಹೇಳಿದಳು.

ನನಗೆ ಹಗಲೂ ರಾತ್ರಿ ಒಂದೇ ಯೋಚನೆ. ತೂತು ತೆರೆದಿತ್ತು. ಒಣಗಿಸಿದ್ದೆ. ನೀರು ಎಲ್ಲಿಂದ ಬಂತು? ನೀರಲ್ಲದೆ ಬೇರೇನೂ ಹಾಗೆ ಸಿಡಿಯುವುದಿಲ್ಲ. ಮುಚ್ಚಿದ ಪೊಳ್ಳಿನಲ್ಲಿ ಒಂದು ಚಮಚ ನೀರಿದ್ದರೂ ಸಾಕು. ನೀರು ಹಬೆಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಕರಗಿದ ಬೆಸುಗೆಯನ್ನೇ ತಳ್ಳಿಕೊಂಡು ಹೊರಗೆ ಬರುತ್ತದೆ. ಆದರೆ ಮುಚ್ಚಿದ ಪೊಳ್ಳು ಅಲ್ಲಿ ಇರಬಾರದಿತ್ತು.

ಸೇಠ್ ಆ ನಳಿಗೆಗಳನ್ನು ಮುಟ್ಟದೆ ಬಟ್ಟೆ ಸುತ್ತಿ ತಿಜೋರಿಯಲ್ಲಿ ಇಟ್ಟಿದ್ದರು. ನಾನು ಬೆಂಚಿನ ಮುಂದೆ ಕೂರುವಂತಾದ ಮೇಲೆ ಇಬ್ಬರೂ ಒಟ್ಟಿಗೆ ತೆಗೆದೆವು. ಬುಡದ ಕಡೆ ಕೆಳಪಟ್ಟಿ ಹರಿದು ಹೊರಕ್ಕೆ ಬಾಗಿತ್ತು. ಒಳಗೆ ನೋಡಿದರೆ, ಎರಡು ನಳಿಗೆಗಳ ನಡುವೆ ಉಕ್ಕಿನ ಒಂದು ಆಪನ್ನು ಬಡಿದು ಕೂರಿಸಿ, ಅದರ ಸುತ್ತ ತವರ ತುಂಬಿ ಪೊಳ್ಳನ್ನು ಎರಡು ಕೋಣೆ ಮಾಡಿದ್ದರು. ನಾನು ಸೂಜಿ ಹಾಕಿ ನೋಡಿದ ತೂತು ಮುಂದಿನ ಕೋಣೆಯದು. ಹಿಂದಿನ ಕೋಣೆಗೆ ಯಾವ ದಾರಿಯೂ ಇರಲಿಲ್ಲ. ಬಣ್ಣ ಕೊಡುವಾಗಲೋ ಮಳೆಗಾಲಗಳಲ್ಲೋ ಬೆಸುಗೆಯ ಕೂದಲೆಳೆಯಂಥ ಬಿರುಕಿನಿಂದ ನೀರು ಒಳಗೆ ಸೇರಿ, ಹೊರಬರಲಾರದೆ ಅಲ್ಲೇ ಕೂತಿತ್ತು. ತೇಜಾಬಿನ ಫ್ಲಕ್ಸ್ ತೊಳೆಯದೆ ಬಿಟ್ಟಿದ್ದರಿಂದ ಒಳಗೆಲ್ಲ ಹಸಿರು ಮಿಶ್ರಿತ ಕಂದು ತುಕ್ಕು.

ಆ ಆಪು ಯಾಕೆ? ಸೇಠ್ ಭೂತಗನ್ನಡಿ ಹಿಡಿದು ನೋಡಿ ನನಗೆ ಕೊಟ್ಟರು. ಆಪಿನ ಹಿಂದೆ, ಎರಡೂ ನಳಿಗೆಗಳ ಸುತ್ತ ಬಳೆಯ ಹಾಗೆ ಒಂದು ಹಳದಿ ಗೆರೆ. ಪಿತ್ತಳೆಯ ಬೆಸುಗೆ. ನಳಿಗೆಗಳು ಅಲ್ಲಿ ತುಂಡಾಗಿದ್ದವು.

ಯಾರೋ ಒಬ್ಬ, ಹಿಂದೆ ಯಾವಾಗಲೋ, ಹಾಳಾದ ನಳಿಗೆಗಳನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬುಡವನ್ನು ಮಾತ್ರ ಉಳಿಸಿಕೊಂಡು ಅದಕ್ಕೆ ಬೇರೆ ಕೊಳವೆ ಜೋಡಿಸಿದ್ದ. ಜೋಡಣೆ ಹೊರಗಿನಿಂದ ಕಾಣದ ಹಾಗೆ ಮುಂಗೈ ಮರದ ಕೆಳಗೆ ಬರುವಂತೆ ಲೆಕ್ಕ ಹಾಕಿದ್ದ. ತೋಟೆ ಕೂರುವ ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಒಂದು ಇಳಿಜಾರು ಇದ್ದೇ ಇರುತ್ತದೆ. ಒಳಗಿನ ಗೆರೆ ಆ ಇಳಿಜಾರಿನಲ್ಲೇ ಬೀಳುವ ಹಾಗೆ ಮಾಡಿ ಅದನ್ನೂ ಉಜ್ಜಿ ಹೊಳಪಿಸಿದ್ದ. ನಾನು ಕಿಟಕಿಗೆ ಹಿಡಿದಾಗ ಕಂಡದ್ದು ಆ ಹೊಳಪು. ಹೀಗೆ ನಳಿಗೆ ಬದಲಿಸುವುದು ತಪ್ಪಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಬೆಲೆಬಾಳುವ ಬಂದೂಕುಗಳಿಗೆ ಇದನ್ನು ಮಾಡುತ್ತಾರೆ. ಆದರೆ ಮಾಡಿದ ಮೇಲೆ ಮತ್ತೊಮ್ಮೆ ಪ್ರೂಫ್ ಹೌಸಿಗೆ ಕಳಿಸಿ, ಜಾಸ್ತಿ ಒತ್ತಡದ ತೋಟೆ ಹಾರಿಸಿ ಪರೀಕ್ಷಿಸಿ, ನಳಿಗೆ ಬದಲಾಗಿದೆ ಎಂದು ಲೋಹದ ಮೇಲೆ ಮುದ್ರೆ ಒತ್ತಿಸಬೇಕು. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ ಸನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿಗೆ ಕಾಯ್ದೆಯ ಬಲ ಬಂದದ್ದು 1813ರಲ್ಲಿ. ಅಷ್ಟು ಹಿಂದೆಯೇ ಈ ಕಸುಬಿನವರಿಗೆ ಗೊತ್ತಿತ್ತು, ಕಣ್ಣಿಗೆ ಕಾಣದ ಬಿರುಕನ್ನು ಹೊರಗೆಡಹಲು ಹಾರಿಸಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ ಎಂದು.

ಈ ಬಂದೂಕಿನ ಬುಡದಲ್ಲಿ ಮುದ್ರೆ ಇತ್ತಲ್ಲ, ಅದು ನಕಲಿಯಲ್ಲ. ಆದರೆ ಪರೀಕ್ಷೆಯಲ್ಲಿ ಪಾಸಾದ ಉಕ್ಕಿನಲ್ಲಿ ನಾಲ್ಕು ಬೆರಳಷ್ಟು ಮಾತ್ರ ಉಳಿದಿತ್ತು. ಮುಂದಿನದು ಎಲ್ಲಿಯದೋ ಕೊಳವೆ. ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಇದಕ್ಕೆ. ಕೆಟ್ಟ ಕೆಲಸ ನಾನು ಬೇಕಾದಷ್ಟು ನೋಡಿದ್ದೇನೆ. ಮುರಿದ ಹಿಡಿಗೆ ತಂತಿ ಸುತ್ತಿದ್ದು, ಸವೆದ ಕೀಲಿಗೆ ತಗಡಿನ ಚೂರು ತುರುಕಿದ್ದು, ಫೈರಿಂಗ್ ಪಿನ್ನಿನ ಬದಲು ಮೊಳೆ ಅರೆದು ಹಾಕಿದ್ದು. ಅದೆಲ್ಲ ಬಡವನ ಬಂದೂಕಿಗೆ ಬಡವ ಮಾಡಿದ ಕೆಲಸ; ಕಣ್ಣಿಗೆ ಬೀಳುತ್ತದೆ, ಮುಂದಿನವನು ಹುಷಾರಾಗುತ್ತಾನೆ. ಇವನು ನುರಿತವನು. ಅರ ಹಿಡಿದ ಕೈ ಎಲ್ಲೂ ಜಾರಿಲ್ಲ, ಬಣ್ಣದಲ್ಲಿ ಕಲೆಯಿಲ್ಲ. ಅಷ್ಟು ಕೈಚಳಕವನ್ನೂ ಅವನು ಮರೆಮಾಚಲು ಬಳಸಿದ್ದ. ಗಟ್ಟಿ ಮಾಡಲು ಬಳಸಿರಲಿಲ್ಲ.

ಅಳೆದು ನೋಡಿದೆವು. ಕೊಳವೆಯ ತೂತು ನಡುಮಧ್ಯದಲ್ಲಿರಲಿಲ್ಲ. ಜೋಡಣೆಯ ಹತ್ತಿರ ಎಡ ನಳಿಗೆಯ ಒಂದು ಮಗ್ಗುಲಿನ ದಪ್ಪ ಮೂರು ಮಿಲಿಮೀಟರಿನ ಹತ್ತಿರ, ಎದುರು ಮಗ್ಗುಲಲ್ಲಿ ಅದರ ಅರ್ಧವೂ ಇಲ್ಲ. ಪಿತ್ತಳೆ ಸುತ್ತಲೂ ಹರಿದಿರಲಿಲ್ಲ. ಮೂರರಲ್ಲೊಂದು ಪಾಲು ಹರಿದು ನಿಂತಿತ್ತು. ಉಳಿದದ್ದನ್ನು ತವರದಲ್ಲಿ ತುಂಬಿದ್ದ. ತೋಟೆ ಸಿಡಿದಾಗ ಒತ್ತಡ ಎಲ್ಲಕ್ಕಿಂತ ಹೆಚ್ಚಾಗುವುದು ಬುಡದಿಂದ ಮೊದಲ ಕೆಲವು ಅಂಗುಲಗಳಲ್ಲೇ, ಅಂದರೆ ಅಲ್ಲೇ. ಈಗಿನ 12 ಬೋರಿನ ಸಾಮಾನ್ಯ ತೋಟೆಗೆ ಯುರೋಪಿನ ನಿಯಮ ಒಪ್ಪುವ ಗರಿಷ್ಠ ಒತ್ತಡ 740 ಬಾರ್, ಪರೀಕ್ಷೆಗೆ ಹಾರಿಸುವ ತೋಟೆಯದು 930. ಲಾರಿಯ ಟಯರಿನಲ್ಲಿ ಇರುವುದು ಸುಮಾರು 8 ಬಾರ್. ಅದು ಒಡೆದಾಗಿನ ಸದ್ದು ಘೋಡಬಂದರ್ ರಸ್ತೆಯ ಪಕ್ಕ ಮನೆ ಇರುವವರಿಗೆಲ್ಲ ಗೊತ್ತು. ಗುರಿ ಹಿಡಿದಾಗ ಎಡಗೈ ಇರುವುದು ಸರಿಯಾಗಿ ಆ ಜೋಡಣೆಯ ಕೆಳಗೆ.

ಕೆಳಭಾಗದಲ್ಲಿ, ನಂಬರಿನ ಪಕ್ಕ, ಸೆಂಟರ್ ಪಂಚಿನಿಂದ ಹೊಡೆದ ಎರಡು ಚುಕ್ಕೆಗಳಿದ್ದವು. ಬುಡವನ್ನೂ ಕೊಳವೆಯನ್ನೂ ನೇರಕ್ಕೆ ತರಲು ಅವನು ಹಾಕಿಕೊಂಡ ಗುರುತು. ಅದೊಂದನ್ನು ಅಳಿಸಿರಲಿಲ್ಲ. ಸೇಠ್ ಅದನ್ನೂ ರಿಜಿಸ್ಟರಿನಲ್ಲಿ ಬರೆದರು, ಪಕ್ಕದಲ್ಲಿ ಚಿತ್ರ ಮಾಡಿ.

ಗಾರ್ಡಿಗೆ ಹೇಳುವ ಹೊತ್ತು ಬಂತು. ಆಸ್ಪತ್ರೆಗೆ ಅವನು ಹಲವು ಸಲ ಬಂದಿದ್ದ, ಬಾಗಿಲ ಬಳಿ ನಿಂತು, ಬಾಳೆಹಣ್ಣಿನ ಚೀಲ ನರ್ಸಮ್ಮನ ಕೈಗೆ ಕೊಟ್ಟು ಹೋಗಿದ್ದ. ತನ್ನ ಬಂದೂಕಿನಿಂದ ಹೀಗಾಯಿತಲ್ಲ ಎಂಬ ಸಂಕಟ ಅವನಿಗೆ. ಈಗ ಅಂಗಡಿಯಲ್ಲಿ ಕೂರಿಸಿ ನಳಿಗೆ ತೋರಿಸಿದೆ. ಹಳದಿ ಗೆರೆಯ ಮೇಲೆ ಬೆರಳಾಡಿಸಿದ. "ಉಸ್ತಾದ್‌ಜೀ, ಅಪ್ಪ ಇದರಿಂದ ಮದುವೆ ಮನೆಗಳಲ್ಲಿ ಹಾರಿಸುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ" ಎಂದ. ಮದುವೆಯ ಸಂಭ್ರಮದಲ್ಲಿ ಗುಂಡು ಹಾರಿಸುವುದು 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು ಶಿಕ್ಷೆ ತರುವ ಅಪರಾಧ. ಅವನ ಅಪ್ಪನ ಕಾಲದಲ್ಲಿ ಅದು ಮರ್ಯಾದೆಯ ಸಂಗತಿ. ಒಮ್ಮೆ ನಳಿಗೆ ಉಬ್ಬಿಕೊಂಡಿತ್ತಂತೆ. ಅಪ್ಪ ಎಲ್ಲಿಗೋ ಒಯ್ದು, ಹೊಸದರ ಹಾಗೆ ಮಾಡಿಸಿ ತಂದಿದ್ದರಂತೆ. ಎಲ್ಲಿ, ಯಾರ ಹತ್ತಿರ ಎಂಬುದು ಹುಡುಗನಾಗಿದ್ದ ಅವನಿಗೆ ತಿಳಿದಿರಲಿಲ್ಲ.

"ಪಟ್ಟಿ ಅಂಟಿಸಿ ಕೊಟ್ಟುಬಿಡಿ. ನಾನು ಹಾರಿಸುವುದಿಲ್ಲ, ಹೆಗಲಿಗೆ ಹಾಕಿಕೊಳ್ಳುತ್ತೇನೆ ಅಷ್ಟೆ" ಎಂದು ಕೈಮುಗಿದ. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಆ ಕೈಗಳನ್ನು ನೋಡುತ್ತಾ ಆಗದು ಎನ್ನುವುದು ಸುಟ್ಟ ಗಾಯಕ್ಕಿಂತ ಕಷ್ಟವಾಯಿತು. ಆಗದು ಎಂದೆ. ವ್ಯಾನಿನ ಮುಂದೆ ನಿಂತವನ ಮೇಲೆ ಯಾರಾದರೂ ಬಿದ್ದರೆ ಅವನು ಹಾರಿಸಿಯೇ ಹಾರಿಸುತ್ತಾನೆ. ಆಗ ಮೊದಲು ಹೋಗುವುದು ಅವನ ಕೈ. ಚೂರುಗಳು ಎಟಿಎಂ ಸಾಲಿನಲ್ಲಿ ನಿಂತವರ ಕಡೆಗೂ ಹೋಗುತ್ತವೆ.

ಅವನ ಏಜೆನ್ಸಿಯ ಮ್ಯಾನೇಜರ್ ಅಂಗಡಿಗೆ ಬಂದಾಗ ಹೇಳಿದ್ದು ಬೇರೆಯೇ. ಇಷ್ಟು ವರ್ಷದಲ್ಲಿ ಒಬ್ಬ ಗಾರ್ಡೂ ಗುಂಡು ಹಾರಿಸಿಲ್ಲ, ಬಂದೂಕು ಕಾಣಿಸಿದರೆ ಸಾಕು, ಸರ್ಟಿಫಿಕೇಟಿನಲ್ಲಿ ರಿಪೇರಿ ಆಯಿತು ಎಂದು ಬರೆದುಕೊಡಿ ಎಂದರು. ನಾನು ಮಫ್ಲರು ಬಿಚ್ಚಿ ಕುತ್ತಿಗೆ ತೋರಿಸಿದೆ. ಅವರು ಮುಖ ತಿರುಗಿಸಿದರು, ಮಾತು ಬದಲಿಸಲಿಲ್ಲ. ಸೇಠ್ ಅವರೆದುರೇ ಲೆಟರ್‌ಹೆಡ್ ತೆಗೆದು, ಈ ಬಂದೂಕು ರಿಪೇರಿಗೆ ಅಯೋಗ್ಯ, ಇದರಿಂದ ಗುಂಡು ಹಾರಿಸಿದರೆ ಪ್ರಾಣಾಪಾಯ ಎಂದು ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಲೈಸೆನ್ಸ್ ಕಚೇರಿಗೆ ಕಳಿಸಿದರು. ಆ ಏಜೆನ್ಸಿಯಿಂದ ನಮಗೆ ಬರುತ್ತಿದ್ದ ಕೆಲಸ ಅಂದಿಗೆ ನಿಂತಿತು. ಸೇಠ್ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ದಿನಗಳಲ್ಲಿ ಡೊಂಬಿವಲಿಯಿಂದ ನನ್ನ ಹಳೆಯ ರಾತ್ರಿಶಾಲೆಯ ಗೆಳೆಯ ನೋಡಲು ಬಂದ. ಕೊಡಗಿನವನು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬದಂದು ಐನ್‌ಮನೆಯ ಕೋವಿಗಳನ್ನೆಲ್ಲ ಇಳಿಸಿ, ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿ, ಆಮೇಲೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸಂಭ್ರಮವನ್ನು ಅವನು ಎಷ್ಟೋ ಸಲ ವರ್ಣಿಸಿದ್ದ. ಈ ಸಲ ನಳಿಗೆ ನೋಡಿ ಸುಮ್ಮನಾದ. "ನಮ್ಮ ಮನೆಯ ಜೋಡಿನಳಿಗೆಯನ್ನು ಅಜ್ಜನ ಕಾಲದಲ್ಲಿ ಯಾರೋ ಸರಿ ಮಾಡಿಕೊಟ್ಟದ್ದು ಮಾರಾಯ. ಅದರ ಮರ ಬಿಚ್ಚಿ ನೋಡಿದವರು ಯಾರೂ ಇಲ್ಲ" ಎಂದ. ಅಲ್ಲಿಂದಲೇ ಊರಿಗೆ ಫೋನು ಮಾಡಿ, ನುರಿತವರಿಗೆ ತೋರಿಸದೆ ಅದನ್ನು ಹಾರಿಸಬೇಡಿ ಎಂದು ಅಣ್ಣನಿಗೆ ಹೇಳಿದ.

ನನಗೂ ನಮ್ಮ ಅಪ್ಪನ ಕೇಪಿನ ಕೋವಿ ನೆನಪಾಯಿತು. ಅಡಿಕೆ ತೋಟಕ್ಕೆ ಬರುವ ಮಂಗ, ಹಂದಿಗಳನ್ನು ಹೆದರಿಸಲು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಇಟ್ಟುಕೊಂಡದ್ದು. ಪ್ರತಿ ಚುನಾವಣೆಗೂ ಅಪ್ಪ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು, ಫಲಿತಾಂಶ ಬಂದ ಮೇಲೆ ತುಕ್ಕು ಹಿಡಿದದ್ದನ್ನು ತಂದು ಎಣ್ಣೆ ಹಾಕುತ್ತಿದ್ದರು. ಅದರ ನಳಿಗೆಯ ಬುಡಕ್ಕೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿತ್ತು. ಚಿಕ್ಕವನಿದ್ದಾಗ ನನಗೆ ಅದು ಅಲಂಕಾರ. ಹಬ್ಬದ ದಿನ ಹುಣಸೆಹಣ್ಣು ಹಾಕಿ ತಿಕ್ಕಿ ಮಿಂಚಿಸುವುದು ನನ್ನ ಪಾಲಿನ ಕೆಲಸ. ಆ ತಂತಿಯ ಕೆಳಗೆ ಏನಿತ್ತು ಎಂದು ಆಸ್ಪತ್ರೆಯ ಮಂಚದಲ್ಲಿ ಯೋಚಿಸಿ ಬೆವತಿದ್ದೇನೆ. ಅಪ್ಪ ಅದನ್ನು ಕೆನ್ನೆಗೆ ಒತ್ತಿ ಎಷ್ಟು ಸಲ ಈಡು ಹೊಡೆದಿಲ್ಲ! ಅವರ ಕಾಲಾನಂತರ ಅಣ್ಣ ಅದನ್ನು ಸ್ಟೇಷನ್ನಿಗೆ ಶಾಶ್ವತವಾಗಿ ಒಪ್ಪಿಸಿದ್ದಾನೆ.

ಹೆಂಡತಿ ಹೇಳಿದ ಮಾತನ್ನು ಅರ್ಧ ನಡೆಸಿಕೊಟ್ಟಿದ್ದೇನೆ. ಅರ್ಧ ದಿನ ಮಾತ್ರ ಅಂಗಡಿಗೆ ಹೋಗುತ್ತೇನೆ, ಉರಿಯ ಕೆಲಸ ಹುಡುಗನದು, ನೋಡುವ ಕೆಲಸ ನನ್ನದು. ಮೇ ತಿಂಗಳ ಸೆಕೆಗೆ ಕುತ್ತಿಗೆಯ ಚರ್ಮ ಬಿಗಿದು ಎಡಕ್ಕೆ ತಿರುಗಲಾಗುವುದಿಲ್ಲ. ಉಪವನ ಕೆರೆಯ ದಂಡೆಯಲ್ಲಿ ಬೆಳಗಿನ ತಂಪಿನಲ್ಲಿ ನಡೆಯುತ್ತಾ, ಡಾಕ್ಟರು ಹೇಳಿಕೊಟ್ಟ ಹಾಗೆ ಗಲ್ಲವನ್ನು ಎತ್ತಿ ಇಳಿಸುತ್ತೇನೆ.

ಎರಡನೆಯ ಬಂದೂಕು ಬಂದದ್ದು ಹೀಗೆ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದ ಮೇಲೆ. ಬೇರೆ ಏಜೆನ್ಸಿ, ಕಲ್ಯಾಣದ ಕಡೆ ಡ್ಯೂಟಿ, ಗಾಜೀಪುರದ ಗಾರ್ಡ್. ತಯಾರಕರೂ ಬೇರೆ. ಕುದುರೆಯ ಸ್ಪ್ರಿಂಗ್ ಸಡಿಲ ಎಂದು ತಂದಿದ್ದ. ಮುಂಗೈ ಮರ ಬಿಚ್ಚಿ ನಳಿಗೆ ತಿರುಗಿಸಿ ನೋಡುತ್ತೇನೆ, ನಂಬರಿನ ಪಕ್ಕ ಎರಡು ಚುಕ್ಕೆ. ಅದೇ ಅಂತರ, ಅದೇ ಆಳ. ರಿಜಿಸ್ಟರಿನ ಚಿತ್ರದ ಪಕ್ಕ ಇಟ್ಟು ಸೇಠ್‌ರನ್ನು ಕರೆದೆ. ನನ್ನ ಕೈ ನಡುಗುತ್ತಿತ್ತು ಎಂದು ಅವರು ಆಮೇಲೆ ಹೇಳಿದರು.

ಉರಿಯ ಹತ್ತಿರ ಸುಳಿಯಲಿಲ್ಲ. ಮಾಲೀಕನ ಒಪ್ಪಿಗೆ ಬರೆಸಿಕೊಂಡು, ನಳಿಗೆಗಳನ್ನು ವೈಸಿನಲ್ಲಿ ಹಿಡಿದು, ಬುಡದ ಕಡೆ ಕೆಳಪಟ್ಟಿಗೆ ಕೈ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದೆ. ಬಿಟ್ಟು ಒಳಗೆ ನುಗ್ಗಿದಂತೆ ಕಪ್ಪು ನೀರು ಒಂದೊಂದೇ ಹನಿಯಾಗಿ ಕೆಳಗಿಟ್ಟ ಬಟ್ಟಲಿಗೆ ಬಿತ್ತು. ತುಕ್ಕಿನ ವಾಸನೆ ಇಡೀ ಕೋಣೆಗೆ ಹರಡಿತು. ಎಷ್ಟೋ ವರ್ಷ ಅಲ್ಲೇ ಕೂತಿದ್ದ ನೀರು. ಆಮೇಲೆ ಸೀಸದ ಗುಂಡನ್ನು ನಳಿಗೆಯೊಳಗೆ ಕೋಲಿನಿಂದ ನಿಧಾನವಾಗಿ ತಳ್ಳುತ್ತಾ ಹೋದೆ. ಇಳಿಜಾರು ಮುಗಿಯುವಲ್ಲಿ ಕೋಲು ಒಂದು ಕ್ಷಣ ಸಡಿಲವಾಗಿ ಮತ್ತೆ ಬಿಗಿಯಾಯಿತು. ಅಲ್ಲಿ ಹೊರಗಿನಿಂದ ಎಮರಿ ಪೇಪರಿನಲ್ಲಿ ಕಪ್ಪು ಬಣ್ಣ ತೆಗೆದೆ. ಹಳದಿ ಗೆರೆ.

ಆ ಗಾರ್ಡ್ ವಾದ ಮಾಡಲಿಲ್ಲ. ಬಟ್ಟಲಿನ ನೀರನ್ನೂ ನನ್ನ ಕುತ್ತಿಗೆಯನ್ನೂ ನೋಡಿ ಬೆಂಚಿನ ಮೇಲೆ ಕುಳಿತುಬಿಟ್ಟ. ಅವನದು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಬಂದೂಕು. ಕೊಟ್ಟವನ ಹೆಸರು, ವಿಳಾಸ ಲೈಸೆನ್ಸಿನಲ್ಲೇ ಇತ್ತು. ಈ ಸಲ ಸೇಠ್ ಎರಡೂ ಬಂದೂಕುಗಳ ವಿವರ, ಚುಕ್ಕೆಗಳ ಫೋಟೋ, ಅಳತೆ, ರಿಜಿಸ್ಟರಿನ ನಕಲು ಎಲ್ಲವನ್ನೂ ಸೇರಿಸಿ ಲೈಸೆನ್ಸ್ ಕಚೇರಿಗೆ ಬರೆದರು. ಕಚೇರಿಯವರು ನನ್ನನ್ನು ಕರೆಸಿ ಹೇಳಿಕೆ ಪಡೆದರು. ಅಧಿಕಾರಿ ನಳಿಗೆಯ ಮೇಲೆ ಬೆರಳಿಟ್ಟು ಎಲ್ಲಿ ಕತ್ತರಿಸಿದ್ದಾರೆ ತೋರಿಸಿ ಎಂದರು. ತೋರಿಸಿದೆ. ಚುಕ್ಕೆಗಳ ಚಿತ್ರವನ್ನು ತಮ್ಮ ಕಡತಕ್ಕೂ ಹಾಕಿಕೊಂಡರು.

ಬಲಿಯಾ ಜಿಲ್ಲೆಯ ಆ ಗಾರ್ಡ್ ಮಗಳ ಮದುವೆಯನ್ನು ಸಾಲ ಮಾಡಿ ಮುಗಿಸಿದ. ಸ್ವಲ್ಪ ಕಾಲ ಕಾಪುರಬಾವಡಿಯ ಒಂದು ಟವರಿನಲ್ಲಿ ಲಾಠಿ ಹಿಡಿದು ಕೂತ. ಹಳೆಯದನ್ನು ಒಪ್ಪಿಸಿ, ಅನುಮತಿ ಪಡೆದು, ಒಂದು ಏಕನಾಲಿ ಕೊಂಡುಕೊಂಡು ಈಗ ಭಿವಂಡಿಯ ಗೋದಾಮಿನಲ್ಲಿದ್ದಾನೆ. ಕೊಂಡ ದಿನವೇ ಅದನ್ನು ನನ್ನ ಬೆಂಚಿಗೆ ತಂದ. ಬಿಚ್ಚಿ, ಅಳೆದು, ತಟ್ಟಿ ನೋಡಿ ಕೊಟ್ಟೆ, ಸರಿಯಾಗಿತ್ತು.

ಚುಕ್ಕೆಗಳ ಚಿತ್ರದ ಒಂದೊಂದು ಪ್ರತಿಯನ್ನು ಮುಂಬಯಿ, ಪುಣೆಯ ಪರಿಚಯದ ಅಂಗಡಿಗಳಿಗೆಲ್ಲ ಸೇಠ್ ಕಳಿಸಿದ್ದಾರೆ. ನಮ್ಮ ಬೆಂಚಿನ ಎದುರಿನ ಗೋಡೆಗೂ ಒಂದು ಅಂಟಿಸಿದ್ದೇನೆ. ದುನಾಲಿ ಬಂದರೆ ಹುಡುಗ ಮೊದಲು ಮುಂಗೈ ಮರ ಬಿಚ್ಚಿ ಅದಕ್ಕೆ ಹೋಲಿಸಿ ನೋಡುತ್ತಾನೆ. ಮೂರನೆಯದು ಇನ್ನೂ ಬಂದಿಲ್ಲ.